ಹಟ್ಟಿ ಟೀಚರ್ ಹೇಳಿದ ನಂದರು

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಓದಿದವರೆಲ್ಲ ಇನ್ನೊಬ್ಬರನ್ನು ನೆನೆಸಿಕೊಳ್ಳುತ್ತಾರೆ. ಚಳ್ಳಕೆರೆಯ ಒಂದೇ ಹೈಸ್ಕೂಲಿನಲ್ಲಿ, ಒಂದೇ ಸ್ಟಾಫ್ ರೂಮಿನಲ್ಲಿ ಆ ಹೆಸರಿನ ಟೀಚರು ಇಬ್ಬರಿದ್ದರು. ಒಬ್ಬರು ಪೇಟೆಯವರು, ನಮ್ಮ ಜನ, ಎಣ್ಣೆ ಮಿಲ್ಲಿನ ಮನೆತನ. ಇನ್ನೊಬ್ಬರು ದೇವಸಮುದ್ರದ ಕಡೆಯ ಒಂದು ಹಟ್ಟಿಯಿಂದ ಬಂದವರು, ಕುರಿ ಕಾಯುವವರ ಮಗಳು. ಮಕ್ಕಳು ಪೇಟೆ ಟೀಚರ್, ಹಟ್ಟಿ ಟೀಚರ್ ಎಂದು ಕರೆಯುತ್ತಿದ್ದರು. ನಾನು ಬರೆಯುತ್ತಿರುವುದು ಹಟ್ಟಿ ಟೀಚರ ಬಗ್ಗೆ. ಹೋದ ಶ್ರಾವಣದಲ್ಲಿ ತೀರಿಕೊಂಡವರು ಅವರು. ಪೇಟೆ ಟೀಚರು ಗಟ್ಟಿಮುಟ್ಟಾಗಿದ್ದಾರೆ, ಶಿವ ಚೆನ್ನಾಗಿಟ್ಟಿರಲಿ. ಇದನ್ನೆಲ್ಲ ಮೊದಲೇ ಬಿಡಿಸಿ ಹೇಳಬೇಕಾಗಿ ಬಂತಲ್ಲ, ನನ್ನ ಸಿಟ್ಟು ಅದಕ್ಕೇ. ಇಷ್ಟನ್ನು ಬಿಡಿಸಿ ನೋಡುವ ತಾಳ್ಮೆ ಈ ಊರಿನಲ್ಲಿ ಯಾರಿಗೂ ಇರಲಿಲ್ಲ. ನನ್ನ ಗಂಡನಿಗಂತೂ ಇರಲೇ ಇಲ್ಲ.

ಹೆಸರುಗಳ ವಿಷಯದಲ್ಲಿ ನಮ್ಮ ಸೀಮೆ ಮೊದಲಿಂದಲೂ ಹಾಗೇ. ನಾಯಕನಹಟ್ಟಿ ಸ್ವಾಮಿಯ ಮೇಲಿನ ಭಕ್ತಿ ದೊಡ್ಡದು. ಮನೆಗೊಬ್ಬ ತಿಪ್ಪೇಸ್ವಾಮಿ, ಓಣಿಗೊಬ್ಬಳು ತಿಪ್ಪಮ್ಮ. ಬಸ್ ಸ್ಟ್ಯಾಂಡಿನಲ್ಲಿ ನಿಂತು ಕೂಗಿದರೆ ಅರ್ಧ ಬಸ್ಸು ತಿರುಗಿ ನೋಡುತ್ತದೆ. ದೇವರ ಹೆಸರು ಎಷ್ಟು ಬಾಯಲ್ಲಿ ಬಂದರೂ ಒಳ್ಳೆಯದೇ ಎಂದು ನಾನು ಅಂದುಕೊಳ್ಳುತ್ತಿದ್ದೆ. ಹಟ್ಟಿ ಟೀಚರು ಮಾತ್ರ ಬಿಡುತ್ತಿರಲಿಲ್ಲ. ಯಾರ ಹೆಸರೆತ್ತಿದರೂ ಹುಬ್ಬು ಗಂಟಿಕ್ಕಿ ಕೇಳುತ್ತಿದ್ದರು.

"ಟೀಚರ್, ನಿನ್ನೆ ತಿಪ್ಪೇಸ್ವಾಮಿ ಮಗಳ ಮದುವೆಗೆ ಹೋಗಿದ್ದೆ."

"ಯಾವ ತಿಪ್ಪೇಸ್ವಾಮಿ?"

"ಅದೇ, ಬಟ್ಟೆ ಅಂಗಡಿಯೋರು."

"ಬಟ್ಟೆ ಅಂಗಡೀಲಿ ಆ ಹೆಸರಿನೋರು ಬಾಳ ಜನ ಅವ್ರೆ. ಉದ್ದಕಿರೋನಾ, ಜಿಪುಣನಾ, ಒಳ್ಳೇವನಾ?"

"ಒಳ್ಳೇವರು."

"ಅಂಗಂದ್ರೆ ಅಂಗಡಿಯೋನಲ್ಲ ಬಿಡು, ಅಲ್ಲಿ ಬಟ್ಟೆ ಅಳೆಯೋನು."

ಹೀಗೆ ಅಂದು ನಗುತ್ತಿರಲಿಲ್ಲ. ನಗುವುದು ಕಡಿಮೆ. ನಿಲ್ಲುವ ರೀತಿಯೇ ಬೇರೆ. ಒಂದು ಕಾಲಿನ ಮೇಲೆ ಭಾರ ಬಿಟ್ಟು, ಇನ್ನೊಂದನ್ನು ಮಡಿಸಿ, ತರಗತಿಯ ಉದ್ದನೆಯ ಮರದ ಸ್ಕೇಲನ್ನು ನೆಲಕ್ಕೂರಿ ಅದರ ಮೇಲೆ ಗದ್ದ ಇಟ್ಟು ನಿಲ್ಲುತ್ತಿದ್ದರು, ಹೊಲದ ಬದುವಿನ ಮೇಲೆ ಕುರಿಯವರು ಕೋಲೂರಿ ನಿಲ್ಲುವಂತೆ. ಗಲಾಟೆ ಮಾಡುವ ಮಕ್ಕಳನ್ನು ಸುಮ್ಮನಾಗಿಸಲು ನಾಲಿಗೆ ಮಡಿಸಿ 'ಹ್ರ್ರ್ರಾ' ಎಂದು ಒಂದು ಸದ್ದು ಹೊರಡಿಸುತ್ತಿದ್ದರು. ಹೈಸ್ಕೂಲು ಪೂರ್ತಿ ತಣ್ಣಗಾಗುತ್ತಿತ್ತು. "ನಮ್ಮಪ್ಪ ಈ ಸದ್ದಿಗೆ ಇಡೀ ಹಿಂಡು ತಿರುಗಿಸೋನು, ನೀವೇನು ಮಹಾ" ಎನ್ನುತ್ತಿದ್ದರಂತೆ. ನನ್ನ ಮಗಳು ಅವರ ಶಿಷ್ಯೆ, ಅವಳೇ ಹೇಳಿದ್ದು.

ಅವರು ಬಾಡಿಗೆಗಿದ್ದದ್ದು ನಮ್ಮ ಮನೆಯ ಹಿಂದೆ, ಒಂದು ಗೋಡೆ ಆಚೆ. ನಡುಮನೆ, ಅಡುಗೆಮನೆ, ಅಷ್ಟೇ. ಹಿತ್ತಲಿಲ್ಲ. ಮದುವೆಯಾಗಿರಲಿಲ್ಲ. ನಾನು ಗೋಡೆಯ ಮೇಲಿಂದ ರೊಟ್ಟಿ, ಶೇಂಗಾ ಚಟ್ನಿ ದಾಟಿಸುತ್ತಿದ್ದೆ. ಅವರು ಪಾತ್ರೆಯನ್ನು ಖಾಲಿ ಹಿಂದಿರುಗಿಸಿದವರಲ್ಲ. ಹಟ್ಟಿಯ ಬೆಣ್ಣೆಯನ್ನೋ ಒಂದು ಹಿಡಿ ಹಸಿ ಅವರೆಯನ್ನೋ ಇಟ್ಟು ಕೊಡುತ್ತಿದ್ದರು. ಒಳ್ಳೆಯ ನೆರೆ ಸಿಗುವುದು ದೇವರು ಕೊಡುವ ಸಣ್ಣ ವರಗಳಲ್ಲಿ ಒಂದು. ಸಣ್ಣದು ಅನ್ನುತ್ತೇನೆ ಅಷ್ಟೇ, ಅದಿಲ್ಲದವರನ್ನು ಕೇಳಿ.

ಈಗ ಮುಖ್ಯ ಸಂಗತಿಗೆ ಬರುತ್ತೇನೆ.

ನಮ್ಮ ಕಡೆ ಕೆಲವು ಹಟ್ಟಿಗಳಲ್ಲಿ ಇವತ್ತಿಗೂ ಹೆಣ್ಣುಮಕ್ಕಳು ಮುಟ್ಟಾದರೆ ಊರ ಒಳಗೆ ಇರುವಂತಿಲ್ಲ. ಹಟ್ಟಿಯ ದೇವರಿಗೆ ಆಗುವುದಿಲ್ಲ ಎಂದು ಹೊರಗಿನ ಗುಡಿಸಿಲಲ್ಲೋ ಮರದ ಕೆಳಗೋ ದಿನ ಕಳೆಯಬೇಕು. ಪುಸ್ತಕ ಮನೆಯೊಳಗೆ, ಹುಡುಗಿ ಹೊರಗೆ. ಪರೀಕ್ಷೆ ಬಂದರೂ ಅಷ್ಟೇ. ಬೇರೆಯವರನ್ನು ಆಡಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ಲಿಂಗ ಕಟ್ಟಿದವರಿಗೆ ಸೂತಕವಿಲ್ಲ ಎಂದು ಹೇಳಿಕೊಳ್ಳುವ ನಮ್ಮ ಮನೆಗಳಲ್ಲೇ ಆ ದಿನಗಳಲ್ಲಿ ಪೂಜೆಕೋಣೆಯ ಹೊಸ್ತಿಲ ಈಚೆ ನಿಲ್ಲುವ ಹೆಂಗಸರು ಎಷ್ಟಿಲ್ಲ?

ಹಟ್ಟಿ ಟೀಚರು ಭಾಷಣ ಮಾಡಲಿಲ್ಲ. ಅಂಥ ಹುಡುಗಿಯರನ್ನು ಆ ದಿನಗಳಿಗೆ ತಮ್ಮ ಮನೆಗೆ ಕರೆದುಕೊಂಡರು. ಹೊರಗಿನ ಜಗಲಿಗಲ್ಲ, ಒಳಗೆ, ನಡುಮನೆಗೆ. ದೇವರ ಗೂಡಿನ ಪಕ್ಕದಲ್ಲೇ ಕರಿ ಕಂಬಳಿ ಹಾಸುತ್ತಿದ್ದರು. ಹೊಸದಾಗಿ ಬಂದ ಹುಡುಗಿ ಹೆದರಿ ಬಾಗಿಲಲ್ಲೇ ನಿಂತರೆ ಗದರುವುದು ಗೋಡೆಯಾಚೆ ನನಗೆ ಕೇಳುತ್ತಿತ್ತು.

"ಕಂಬಳಿಗೆ ಮೈಲಿಗೆ ಇಲ್ಲ ಅಂತ ನಿಮ್ಮಜ್ಜೀನೇ ಹೇಳ್ತಾಳೆ ಇಲ್ವಾ? ಅದ್ರ ಮ್ಯಾಲೆ ಕೂತ್ಕೊಂಡು ಲೆಕ್ಕ ಮಾಡು. ದೇವ್ರು ಎದ್ದು ಓಡೋಗಾದಾದ್ರೆ ಓಡೋಗ್ಲಿ, ನಾನು ನೋಡ್ಕೊಂತೀನಿ."

ಭಕ್ತಳಾದ ನನಗೆ ಮೊದಮೊದಲು ಆ ಮಾತು ಕಿವಿಗೆ ಚುಚ್ಚುತ್ತಿತ್ತು. ಆದರೆ ಎಷ್ಟು ಹುಡುಗಿಯರು ಆ ಕಂಬಳಿಯ ಮೇಲೆ ಓದಿ ಪಾಸಾಗಿ ಹೋದರೋ, ದೇವರು ಎದ್ದು ಓಡಿಹೋದದ್ದನ್ನು ನಾನಂತೂ ಕಾಣಲಿಲ್ಲ.

ಒಂದು ಸಲ ಮಕ್ಕಳನ್ನು ಮೊಳಕಾಲ್ಮೂರಿನ ಕಡೆ ಅಶೋಕನ ಶಾಸನವಿರುವ ಬಂಡೆ ತೋರಿಸಲು ಕರೆದೊಯ್ದರು. ಚಿತ್ರಾನ್ನದ ಡಬರಿ ಹೊತ್ತುಕೊಂಡು ನಾನೂ ಹೋಗಿದ್ದೆ. ಬಿಸಿಲಿಗೆ ಬಂಡೆ ಕಾದಿತ್ತು. ನಿಜ ಹೇಳಬೇಕು ಎಂದು ಇದರಲ್ಲಿ ಕೊರೆಸಿದ್ದಾನೆ ಎಂದು ಟೀಚರು ಹೇಳಿದಾಗ ಒಬ್ಬ ಚೂಟಿ ಹುಡುಗಿ, "ಟೀಚರ್, ನೀವು ಯಾವತ್ತೂ ಸುಳ್ಳು ಹೇಳಿಲ್ವಾ?" ಎಂದಳು. "ಅವನು ರಾಜ ಕಣೇ. ರಾಜಂಗೆ ನಿಜ ಹೇಳಾದು ಬಾಳ ಸಲೀಸು" ಎಂದು ಮುಂದಕ್ಕೆ ಹೋದರು.

ಊಟವಾದ ಮೇಲೆ ನೆರಳಿನಲ್ಲಿ ಕೂತು ಬುದ್ಧನ ಕಾಲದ ಕಥೆ ತೆಗೆದರು. "ನಂದ ಅಂದ್ರೆ ಯಾರು?" ಎಂದರು. ನನ್ನ ಮಗಳು ಎದ್ದು, "ಬುದ್ಧನ ತಮ್ಮ. ಮದುವೆ ದಿನವೇ ಬುದ್ಧ ಭಿಕ್ಷಾಪಾತ್ರೆ ಅವನ ಕೈಗೆ ಕೊಟ್ಟು ಹಿಂದೆ ಬರೋ ಹಾಗೆ ಮಾಡಿದ. ಹೆಂಡ್ತೀನ ಬಿಟ್ಟು ಸನ್ಯಾಸಿ ಆದ" ಎಂದಳು.

"ಅವನು ರಾಜಕುಮಾರ ನಂದ. ಇನ್ಯಾರು?"

ಯಾರಿಗೂ ಗೊತ್ತಿರಲಿಲ್ಲ.

"ಅವನ ತಂಗೀನೂ ನಂದಾನೇ. ರೂಪವಂತೆ. ಮನೆಯೋರೆಲ್ಲ ಹೋದ್ರು ಅಂತ ಅವಳೂ ಭಿಕ್ಷುಣಿ ಆದ್ಲು. ಅಲ್ಲೇ ಇನ್ನೊಬ್ಬಳು ನಂದಾ, ಅವಳೂ ರೂಪವಂತೆ. ಲಗ್ನದ ಗಂಡು ಸತ್ತೋದ ಅಂತ ಅವ್ವ ಅಪ್ಪ ಸೇರಿ ಬಲವಂತಕ್ಕೆ ತಲೆ ಬೋಳಿಸಿ ಕಳ್ಸಿದ್ರು. ಒಬ್ಬಳು ತಾನೇ ಹೋದೋಳು, ಇನ್ನೊಬ್ಬಳನ್ನ ತಳ್ಳಿದ್ದು. ಆಮೇಲಿನೋರು ಏನು ಮಾಡಿದ್ರು? ಹೆಸರು ಒಂದೇ ಅಂತ ಇಬ್ಬರ ಕಥೆನೂ ಮುದ್ದೆ ಹಿಟ್ಟಿನಂಗೆ ಕಲಸಿಟ್ರು. ಇವಳ ಮಾತು ಅವಳ ಬಾಯಾಗೆ, ಅವಳ ಕಣ್ಣೀರು ಇವಳ ಕಣ್ಣಾಗೆ."

ಟೀಚರ ದನಿ ಏರಿತ್ತು. ಎಂದೋ ಸತ್ತ ಹೆಂಗಸರಿಗಾಗಿ ಯಾರಾದರೂ ಹಾಗೆ ಸಿಟ್ಟಾಗುವುದನ್ನು ನಾನು ಮೊದಲ ಸಲ ನೋಡಿದ್ದು ಅಲ್ಲೇ.

"ಇನ್ನೂ ಒಬ್ಬ ಅವ್ನೆ" ಎಂದರು. "ದನ ಕಾಯೋ ನಂದ. ಹೊಳೆ ದಂಡೇಲಿ ಬುದ್ಧ ತನ್ನೋರಿಗೆ ಏನೋ ಹೇಳ್ತಿದ್ದ. ಇವನು ದೂರದಾಗೆ ದನ ಮೇಯಿಸ್ಕೊಂಡು ಕೇಳಿಸ್ಕೊಂಡ. ನಾನೂ ಬರ್ತೀನಿ ಅಂದ. ಮೊದ್ಲು ದನಾನ ಧಣಿಗೆ ಒಪ್ಪಿಸಿ ಬಾ ಅಂದ ಬುದ್ಧ. ಅವಕ್ಕೆ ಕರುಗಳ ಆಸೆ ಐತೆ, ತಾವೇ ಹೋಗ್ತಾವೆ ಅಂದ ಇವನು. ಇಲ್ಲ, ಒಪ್ಪಿಸೇ ಬಾ ಅಂದ. ಹೋಗಿ ಒಪ್ಪಿಸಿ ಬಂದ. ರಾಜಕುಮಾರಂಗೆ ಸಿಕ್ಕಿದ್ದೇ ಇವನಿಗೂ ಸಿಕ್ತು. ಆದ್ರೆ ನಂದ ಅಂದ್ರೆ ಇವನು ಯಾರ ನೆಪ್ಪಿಗೂ ಬರಾಕಿಲ್ಲ."

ಅಷ್ಟು ಹೇಳಿ ಸೆರಗು ಕೊಡವಿಕೊಂಡು ಎದ್ದರು. ಆಮೇಲೆ ಹೈಸ್ಕೂಲಿನಲ್ಲಿ 'ಯಾವ ನಂದ?' ಎನ್ನುವುದು ಗಾದೆಯಾಗಿ ಹೋಯಿತು.

ಹೀಗಿದ್ದ ಅವರು ತೀರಿಕೊಂಡಾಗ ಈ ಊರು ಏನು ಮಾಡಿತು ಕೇಳಿ.

ಮೂರ್ನಾಲ್ಕು ದಿನ ಜ್ವರ ಬಂದು, ಆಸ್ಪತ್ರೆಯಲ್ಲಿ ಹೋದರು. ಬಹಳ ನರಳಲಿಲ್ಲ, ಪುಣ್ಯ. ಬಾಯಿಗೆ ನೀರು ಬಿಡುವಾಗ ನಾನಿದ್ದೆ, ಅದೂ ಪುಣ್ಯ. ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ನನ್ನ ಗಂಡ ಕಾರ್ಯದರ್ಶಿ. ನಾನು ಆಸ್ಪತ್ರೆಯಿಂದ ಫೋನ್ ಮಾಡಿ, "ಟೀಚರು ಹೋದ್ರುರೀ" ಎಂದು ಹೆಸರು ಹೇಳಿದೆ. ನಾನು ಆಸ್ಪತ್ರೆಯಲ್ಲಿ ಕೂತದ್ದು ಗೋಡೆಯಾಚೆಯವರಿಗಾಗಿ ಎಂದು ಈ ಮನುಷ್ಯ ಯೋಚಿಸಬೇಡವೇ? ಮೊಬೈಲಿನಲ್ಲಿ ಇದ್ದ ಪೇಟೆ ಟೀಚರ ಫೋಟೋಗೆ ದೀಪದ ಚಿತ್ರ ಅಂಟಿಸಿ, ಓಂ ಶಾಂತಿ ಎಂದು ಬರೆದು, ಸಂಘದ ಗುಂಪಿಗೆ ಬಿಟ್ಟರು. ಅರ್ಧ ತಾಲ್ಲೂಕು ಕೈಮುಗಿಯಿತು.

ದುಃಖ ಹೇಳಲು ಫೋನ್ ಮಾಡಿದವರಿಗೆ ಪೇಟೆ ಟೀಚರೇ ಉತ್ತರ ಕೊಟ್ಟರಂತೆ. "ಯಾವಾಗ ಹೋದ್ರು?" ಎಂದವನಿಗೆ, "ಇನ್ನೂ ಹೊರಟಿಲ್ಲ ಕಣಪ್ಪ, ನೀನು ಫೋನ್ ಇಟ್ರೆ ಹೋಗ್ತೀನಿ" ಎಂದರಂತೆ. ಇದಕ್ಕೆ ನಾನೂ ನಕ್ಕಿದ್ದೇನೆ, ಇಲ್ಲವೆನ್ನುವುದಿಲ್ಲ. ಆದರೆ ಅವರ ಮಗ ನಮ್ಮ ಮನೆ ಬಾಗಿಲಿಗೆ ಬಂದು ಕೂಗಾಡಿದ. ಬದುಕಿರುವ ತಾಯಿಯನ್ನು ಸಾಯಿಸಿದ್ದೀರಿ ಎಂದ. ನನ್ನ ಗಂಡ ಕೈ ಮುಗಿದು, ಸತ್ತರೆಂಬ ಸುಳ್ಳು ಸುದ್ದಿ ಹಬ್ಬಿದರೆ ಆಯಸ್ಸು ಹೆಚ್ಚುತ್ತದೆ ಎಂದರು. ಅದೂ ಸಾಲದೆ, ತಪ್ಪಾಯಿತು, ತಾಯಿಯವರಿಗೆ ಸಂಘದಿಂದ ಸನ್ಮಾನ ಮಾಡುತ್ತೇವೆ ಎಂದು ಒಪ್ಪಿಸಿ ಕಳಿಸಿದರು.

"ಮತ್ತೆ ಹಟ್ಟಿ ಟೀಚರಿಗೆ?" ಎಂದೆ.

"ಅವತ್ತೇ ಒಂದು ನಿಮಿಷ ಮೌನ ಮಾಡಿಸಿದ್ರಾತು."

ಆ ನಿಮಿಷವೂ ಸಿಗಲಿಲ್ಲ. ಸನ್ಮಾನದ ದಿನ ಸಾವಿನ ಮಾತು ಅಪಶಕುನ ಎಂದು ಪೇಟೆ ಟೀಚರ ಮಗ ಹೇಳಿದನಂತೆ, ಸಂಘದವರು ಹೂಂ ಅಂದರಂತೆ. ಸಂಘದ ಅಷ್ಟು ಜನದಲ್ಲಿ ಒಬ್ಬರಿಗೂ ಬಾಯಿ ಬರಲಿಲ್ಲ. ಹಟ್ಟಿ ಟೀಚರಿಗೂ ಹೆತ್ತ ಮಕ್ಕಳಿದ್ದರೆ ಇವರಿಗೆ ಹೀಗೆ ಮಾಡಲು ಧೈರ್ಯ ಬರುತ್ತಿತ್ತೇ?

ಇದಾದರೂ ನುಂಗಿಕೊಳ್ಳಬಹುದಿತ್ತು. ಮುಂದಿನದು ಕೇಳಿ. ಹೈಸ್ಕೂಲಿನ ಅಂಗಳದಲ್ಲಿ ಶಾಮಿಯಾನ, ಮೈಕು. ಪೇಟೆ ಟೀಚರು ಮೊಳಕಾಲ್ಮೂರು ರೇಷ್ಮೆ ಸೀರೆ ಉಟ್ಟು ಕುರ್ಚಿಯಲ್ಲಿ. ನನ್ನ ಗಂಡ ಮೈಕು ಹಿಡಿದು ಹೊಗಳತೊಡಗಿದರು. "ದೂರದ ಹಟ್ಟಿಗಳ ಬಡ ಹೆಣ್ಣುಮಕ್ಕಳಿಗೆ ತಮ್ಮ ಮನೆಯಲ್ಲೇ ಆಶ್ರಯ ಕೊಟ್ಟು, ಊಟ ಹಾಕಿ, ಓದಿಸಿದ ಮಹಾತಾಯಿ..."

ನನಗೆ ಮೈ ಉರಿದುಹೋಯಿತು. ಗೋಡೆಯಾಚೆ ಇಪ್ಪತ್ತು ಚಿಲ್ಲರೆ ವರ್ಷ ಇದ್ದು, ಆ ಹುಡುಗಿಯರ ಸದ್ದು ಈ ಮನುಷ್ಯನ ಕಿವಿಗೂ ಬಿದ್ದಿತ್ತಲ್ಲ! ಆಮೇಲೆ ಮನೆಯಲ್ಲಿ ಕೇಳಿದ್ದಕ್ಕೆ, "ಹಟ್ಟಿ ಹುಡುಗೀರೆಲ್ಲ ಆ ಟೀಚರ್ ಮನೇಲಿದ್ವಿ ಅಂತಾನೇ ಸಂಘದ ಗುಂಪಿಗೆ ಬರೆದು ಕಳ್ಸಿದ್ರು ಕಣೇ, ಹೆಸರು ಅದೇ ಐತಲ್ಲ, ಯಾರಾದ್ರೇನು?" ಎಂದರು. ಯಾರಾದ್ರೇನು! ಈ ಒಂದು ಮಾತಿಗೆ ನಾನು ಅವರನ್ನು ಇನ್ನೂ ಕ್ಷಮಿಸಿಲ್ಲ.

ಪೇಟೆ ಟೀಚರು ಇಲ್ಲವೆನ್ನುತ್ತಾರೆ ಎಂದು ಕಾದೆ. ಅವರು ಶಾಲು ಹೊದಿಸಿಕೊಂಡು, ಹಣ್ಣಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತರು. ನಾನು ಎದ್ದು ನಿಂತೆ. ಹುಟ್ಟಿದಾಗಿನಿಂದ ಸಭೆಯಲ್ಲಿ ಮಾತಾಡಿದವಳಲ್ಲ.

"ಮೇಡಂ, ಒಂದು ಮಾತು. ನಿಮ್ಮನೇಲಿ ಆ ಹುಡುಗೀರು ಎಲ್ಲಿ ಮಲಗ್ತಿದ್ರು?"

ಗಂಡ ವೇದಿಕೆಯಿಂದ ಕಣ್ಣಲ್ಲೇ ಕೂರು ಎಂದರು. ಪೇಟೆ ಟೀಚರು ನನ್ನನ್ನೇ ನೋಡಿದರು. ರೆಪ್ಪೆ ಹೊಡೆಯದೆ, "ಹಿತ್ತಲ ಕೋಣೇಲಿ" ಎಂದರು.

"ಶಿವಾ, ಎಂಥ ಸು..." ಎಂದು ನಾನು ಬಾಯಿ ತೆಗೆಯುವಷ್ಟರಲ್ಲಿ ಹಿಂದಿನ ಸಾಲಿನಿಂದ ಜೋರಾಗಿ ಚಪ್ಪಾಳೆ ಶುರುವಾಯಿತು. ತಿರುಗಿ ನೋಡಿದರೆ ಖಾಕಿ ಬಟ್ಟೆಯ ಒಬ್ಬಳು ಎದ್ದು ನಿಂತು ಕೈ ಕೆಂಪಗಾಗುವಂತೆ ತಟ್ಟುತ್ತಿದ್ದಳು. ಅವಳ ಪಕ್ಕದವರೂ ತಟ್ಟಿದರು. ಆಮೇಲೆ ಇಡೀ ಶಾಮಿಯಾನ. ನನ್ನ ಮಾತು ಅದರಲ್ಲಿ ಮುಳುಗಿಹೋಯಿತು.

ಅವಳ ಗುರುತು ನನಗಿತ್ತು. ಆ ಕಂಬಳಿಯ ಮೇಲೆ ಮಲಗಿ ಓದಿದವಳೇ. ಬಸ್ಸಿನ ಕಂಡಕ್ಟರ್ ಎಂದಿಟ್ಟುಕೊಳ್ಳಿ. ನಿಜವಾದ ಕೆಲಸ ಬರೆಯುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ. ಸಭೆ ಮುಗಿದ ಮೇಲೆ ಗೇಟಿನ ಹತ್ತಿರ ಅವಳನ್ನು ಹಿಡಿದು ನಿಲ್ಲಿಸಿದೆ.

"ನಾಚಿಕೆ ಆಗಲ್ವೇನೇ? ಯಾರ ಉಪ್ಪು ತಿಂದೋಳು, ಯಾರಿಗೆ ಚಪ್ಪಾಳೆ ಹೊಡೀತೀಯಾ?"

"ಬೈರಿ ಅಕ್ಕಾ, ಬೈರಿ. ಆದ್ರೆ ಮೆಲ್ಲಗೆ ಬೈರಿ. ನಮ್ಮವ್ವ ಅಲ್ಲೇ ಕುಂತವ್ಳೆ."

"ಇದ್ರೇನಂತೆ?"

"ಒಳಗೆ ಮಲಗಿದ್ದೆ ಅಂತ ಇವತ್ತಿಗೂ ಅವಳಿಗೆ ಗೊತ್ತಿಲ್ಲ. ಗೊತ್ತಾದ್ರೆ ನಮ್ಮಪ್ಪ ಸತ್ತಿದ್ದು, ತಮ್ಮಂಗೆ ಕಾಯಿಲೆ ಬಂದಿದ್ದು, ಎಲ್ಲಾ ನನ್ನ ತಲೆ ಮ್ಯಾಲೆ ಹಾಕ್ತಾಳೆ. ಮನೇಲಿ ಕೇಳಿದ್ರೆ ಟೀಚರ್ ಮನೇಲಿದ್ದೆ ಅಂತ ಹೆಸರು ಹೇಳಿ, ಅಷ್ಟೇ ಹೇಳಿ, ಅಂತ ಟೀಚರೇ ಕಲಿಸಿದ್ದು. ಪ್ಯಾಟೆ ಮೇಡಂ ಅಂದ್ಕೊಂತಾರೆ, ದೊಡ್ಡ ಮನೆ, ಹಿತ್ತಲಾಗೆ ಬ್ಯಾರೆ ಕೋಣೆ ಐತೆ, ಮಗಳು ಹೊರಗೇ ಇದ್ಲು ಅಂದ್ಕೊಂತಾರೆ. ಅಂದ್ಕೊಳ್ಳಿ ಬಿಡಿ, ಅಂತ ಟೀಚರು ಹೇಳೋರು."

ಇಬ್ಬರು ನಂದಾರನ್ನು ಕಲಸಿಟ್ಟರೆಂದು ಕಾದ ಬಂಡೆಯ ಹತ್ತಿರ ಕೂಗಾಡಿದವರು, ತಮ್ಮನ್ನು ತಾವೇ ಕಲಸಿ ಕೊಟ್ಟುಬಿಟ್ಟಿದ್ದರು. ಗೋಡೆಯಾಚೆ ಅಷ್ಟು ವರ್ಷವಿದ್ದ ನನಗೂ ಒಂದು ಮಾತು ಹೇಳಲಿಲ್ಲ. ನಾನೆಲ್ಲಿ ಬಾಯಿಬಿಡುತ್ತೇನೋ ಎಂದೇ ಇರಬೇಕು. ಬಿಡುತ್ತಿದ್ದೆ ಕೂಡ, ಈಗ ಬಿಟ್ಟೆನಲ್ಲ! ಸತ್ತವರ ಮೇಲೆ ಸಿಟ್ಟು ಮಾಡಿಕೊಳ್ಳಬಾರದು ಎನ್ನುತ್ತಾರೆ. ನಾನು ಮಾಡಿಕೊಂಡೆ.

"ಹಂಗಾರೆ ಇದನ್ನ ಯಾರೂ ಎಲ್ಲೂ ಹೇಳಂಗಿಲ್ವಾ?" ಎಂದೆ.

"ಬೇಕಾದ್ರೆ ಬರೀರಿ, ಹೆಸರು ಹಾಕಬ್ಯಾಡ್ರಿ. ನಮ್ಮ ಹಟ್ಟೀಲಿ ಓದೋಕೆ ಬರೋ ಹೆಣ್ಣುಮಕ್ಕಳೆಲ್ಲ ಆ ಮನೇಲಿ ಮಲಗಿದ್ದೋರೇ. ಗಂಡಸರು ಓದಾಕಿಲ್ಲ. ಯಾರೂ ಬಾಯಿ ಬಿಡಾಕಿಲ್ಲ." ಹೊರಟವಳು ತಿರುಗಿ ನಿಂತಳು. "ಆದ್ರೆ ಅಕ್ಕಾ, ಟೀಚರ್ ಮನೆ ಈಗ ಬ್ಯಾರೆಯೋರಿಗೆ ಬಾಡಿಗೆ ಕೊಟ್ಟವ್ರಲ್ಲ. ನಮ್ಮಕ್ಕನ ಮಗಳು ಈ ಸಲ ಹತ್ತನೇ ಕ್ಲಾಸು. ಅವಳೆಲ್ಲಿಗೆ ಹೋಗ್ಬೇಕು?"

ಮಾರನೆಯ ದಿನ ಪೂಜೆ ಮುಗಿಸಿ ವಿಭೂತಿ ಆರುವ ಮೊದಲೇ ಪೇಟೆ ಟೀಚರ ಮನೆಗೆ ಹೋದೆ. ಅವರು ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು.

"ಬಾಮ್ಮ. ಜಗಳಕ್ಕೆ ಬಂದಿದೀಯ ಅಂತ ನಡಿಗೇಲೇ ಗೊತ್ತಾಯ್ತು. ಕೂತ್ಕೊಂಡು ಆಡು."

"ಮೊದ್ಲು ಆ ಹಿತ್ತಲ ಕೋಣೆ ತೋರಿಸ್ರಿ."

ಎದ್ದು ಹೋಗಿ ಚಿಲಕ ತೆಗೆದರು. ಹಿಂಡಿ ಚೀಲಗಳು ಸೂರಿನವರೆಗೆ ತುಂಬಿದ್ದವು. ಒಂದು ಬೆಕ್ಕು ಮಲಗಲು ಜಾಗವಿರಲಿಲ್ಲ. ಊರೆಲ್ಲ ಚಪ್ಪಾಳೆ ತಟ್ಟಿದ್ದು ಈ ಚೀಲಗಳಿಗೆ.

"ಒಬ್ಬಳೂ ಇಲ್ಲಿ ಮಲಗಿಲ್ಲ" ಎಂದರು ಪೇಟೆ ಟೀಚರು. "ಒಂದಿನ ಅವಳು ಸ್ಟಾಫ್ ರೂಮಲ್ಲಿ ಬಂದು ನಿನ್ನ ಹೆಸರು ಸ್ವಲ್ಪ ಬೇಕು ಕಣೇ ಅಂದ್ಲು. ನಿನ್ನ ಹೆಸರೂ ಅದೇ ಅಲ್ವೇನೇ ಅಂದೆ. ನನ್ನ ಹೆಸರಿಗೆ ಹಿತ್ತಲಿಲ್ಲ ಅಂದ್ಲು. ಆಮೇಲೆ ಯಾವುದೋ ಹುಡುಗಿ ತಾತ ಹುಡುಕ್ಕೊಂಡು ಇಲ್ಲಿಗೇ ಬಂದ. ಹಿತ್ತಲ ಕೋಣೇಲಿದ್ಲು, ಈಗ ಸ್ಕೂಲಿಗೆ ಹೋದ್ಲು ಅಂತ ಹೇಳಿ ಮಜ್ಜಿಗೆ ಕೊಟ್ಟು ಕಳ್ಸಿದೆ. ನಾನು ಮಾಡಿದ್ದು ಅಷ್ಟೇ."

"ಮತ್ತೆ ಶಾಲು ಯಾಕೆ ಹೊದ್ಕೊಂಡ್ರಿ?"

"ಬ್ಯಾಡ ಅಂದಿದ್ರೆ ಯಾಕೆ ಬ್ಯಾಡ ಅಂತ ಕೇಳೋರು." ಒಂದು ಚೀಲದ ಬಾಯಿ ಬಿಗಿದರು. "ಸುಳ್ಳು ಯಾಕೆ ಹೇಳ್ಲಿ, ಚೆನ್ನಾಗೂ ಅನ್ನಿಸ್ತು ಕಣಮ್ಮ."

ಆ ಮಾತಿಗೆ ನನ್ನ ಸಿಟ್ಟು ಇಮ್ಮಡಿಯಾಯಿತು. ಆದರೂ ನಿಜ ಹೇಳಿದರಲ್ಲ, ಅಷ್ಟಕ್ಕೆ ಶಿವನಿಗೆ ಕೈಮುಗಿದೆ. ಆಮೇಲೆ ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದನ್ನು ಹೇಳಿದೆ.

"ಇನ್ನೊಬ್ಬಳು ಹುಡುಗಿ ಬರ್ತಾಳೆ. ಅವರ ಮನೆಯೋರು ಬಂದು ಕೇಳಿದ್ರೆ ಅದೇ ಮಾತು ಹೇಳ್ತೀರಾ?"

"ಮಲಗೋದೆಲ್ಲಿ?"

"ನಮ್ಮನೇಲಿ. ಒಳಗೆ."

"ನಿನ್ನ ಗಂಡ?"

"ಅವರು ಶೇಂಗಾ ಧಾರಣೆ ಬಿಟ್ರೆ ಬೇರೆ ಏನೂ ಓದಲ್ಲ, ಏನೂ ನೋಡಲ್ಲ. ನೋಡಿದ್ರೆ ನಾನು ನೋಡ್ಕೊಂತೀನಿ."

ಪೇಟೆ ಟೀಚರು ಕೋಣೆಗೆ ಚಿಲಕ ಹಾಕಿದರು. "ಅಂಗಾದ್ರೆ ಆ ಶಾಲು ನಾನಿನ್ನು ವಾಪಸ್ ಕೊಡಂಗಿಲ್ಲ ಅನ್ನು."

"ಕೊಡಬ್ಯಾಡ್ರಿ" ಎಂದೆ, ಹಲ್ಲು ಕಚ್ಚಿಕೊಂಡು. "ಹೊದ್ಕೊಂಡು ಬಾಗಿಲಲ್ಲೇ ಕೂತಿರ್ರಿ."